ಬ್ಯಾಟರಿ ಬದಲಿಸುವ ಮೊದಲು ಅಳೆದು ನೋಡಿ

ಬೆಳಿಗ್ಗೆ ಸೆಲ್ಫ್ ಒತ್ತಿದರೆ ಬೈಕಿನಿಂದ ಬರೀ ‘ಟಕ್ ಟಕ್’ ಸದ್ದು. ಗ್ಯಾರೇಜಿನಲ್ಲಿ ಉತ್ತರ ಸಿದ್ಧವಾಗಿರುತ್ತದೆ: ‘ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಬೇಕು.’ ಒಂದು ಮಳೆಗಾಲದಲ್ಲಿ ನಾನೂ ಹಾಗೇ ಹೊಸದು ಹಾಕಿಸಿದೆ. ಮೂರೇ ವಾರಕ್ಕೆ ಅದೂ ಮಲಗಿತು. ಅದಕ್ಕೆ ಚಾರ್ಜೇ ಬರುತ್ತಿರಲಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಕೈಯಲ್ಲಿದ್ದಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್, ಸ್ಟೇಟರ್ ಕಾಯಿಲ್‌ನಲ್ಲಿ ಎಸಿ ಕರೆಂಟ್ ಹುಟ್ಟಿಸುತ್ತದೆ. ರೆಗ್ಯುಲೇಟರ್-ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿ, ಮಿತಿ ಮೀರದಂತೆ ತಡೆದು ಬ್ಯಾಟರಿಗೆ ಕೊಡುತ್ತದೆ. ಇದರಲ್ಲಿ ಯಾವುದು ಕೆಟ್ಟರೂ, ನಡುವಿನ ಒಂದು ವೈರು ಸಡಿಲವಾದರೂ, ನಮಗೆ ಕೇಳಿಸುವುದು ಅದೇ ‘ಟಕ್ ಟಕ್’.

ಮೀಟರ್ ಹಿಡಿಯುವ ಮೊದಲು ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಸ್ಕ್ರೂ ಸಡಿಲವಿದ್ದರೆ, ಕೆಲಸ ಅಲ್ಲೇ ಮುಗಿಯಬಹುದು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ.

ಬೈಕನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಕೀ ಹಾಕುವ ಮುನ್ನ ವೋಲ್ಟೇಜ್ ಅಳೆಯಿರಿ. 12.6 ಅಥವಾ ಹೆಚ್ಚಿದ್ದರೆ ಬ್ಯಾಟರಿ ತುಂಬಿದೆ, 12.2ಕ್ಕೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಹುತೇಕ ಖಾಲಿ. ಇಷ್ಟಕ್ಕೇ ನಂಬಬೇಡಿ. ಹೂಳು ತುಂಬಿದ ಕೆರೆ ಏರಿಯವರೆಗೂ ತುಂಬಿದಂತೆ ಕಾಣುತ್ತದೆ, ಆದರೆ ತೂಬು ಎತ್ತಿದರೆ ಬೇಗ ಬರಿದಾಗುತ್ತದೆ. ಪ್ಲೇಟುಗಳಲ್ಲಿ ಸಲ್ಫೇಟ್ ಕಟ್ಟಿದ ಹಳೆಯ ಬ್ಯಾಟರಿಯೂ ಹಾಗೇ. ಆದ್ದರಿಂದ ಸೆಲ್ಫ್ ಒತ್ತುತ್ತಲೇ ಮೀಟರ್ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ 9.5ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿದಿದೆ ಎಂದೇ ತಿಳಿಯಿರಿ.

ಈಗ ಎಂಜಿನ್ ಓಡಲಿ. ಆಕ್ಸಿಲರೇಟರ್ ಕೊಟ್ಟು 4–5 ಸಾವಿರ ಆರ್‌ಪಿಎಂಗೆ ಏರಿಸಿದರೆ ಬ್ಯಾಟರಿಯ ಮೇಲೆ ಸುಮಾರು 13.5ರಿಂದ 14.5 ವೋಲ್ಟ್ ಕಾಣಬೇಕು. 15 ದಾಟಿದರೆ ರೆಗ್ಯುಲೇಟರ್ ತಡೆಯುತ್ತಿಲ್ಲ. ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸುಡುತ್ತವೆ. 12ರ ಆಸುಪಾಸಿನಲ್ಲೇ ನಿಂತರೆ ಚಾರ್ಜ್ ಬರುತ್ತಿಲ್ಲ.

ನನ್ನ ಬೈಕಿನಲ್ಲಿ ಆಗಿದ್ದು ಇದೇ. ಸ್ಟೇಟರ್‌ನಿಂದ ಬರುವ ಮೂರು ಹಳದಿ ವೈರುಗಳ ಕಪ್ಲರಿಗೆ ನೀರು ಇಳಿದು, ಪಿನ್ನು ಕಿಲುಬು ಹಿಡಿದು, ಬಿಸಿಗೆ ಪ್ಲಾಸ್ಟಿಕ್ ಕರಗಿತ್ತು. ಹಾಗಾಗಿ ಕಾಯಿಲ್ ಬೆಲೆ ಕೇಳುವ ಮೊದಲು ಕಪ್ಲರ್ ನೋಡಿ. ಅದು ಸರಿಯಿದ್ದರೆ ಬಿಚ್ಚಿ, ಎಂಜಿನ್ ಓಡಿಸಿ, ಮೀಟರನ್ನು ಎಸಿಗೆ ತಿರುಗಿಸಿ ವೈರುಗಳನ್ನು ಎರಡೆರಡಾಗಿ ಅಳೆಯಿರಿ. ಮೂರು ಜೋಡಿಯಲ್ಲೂ ಸಮನಾದ ವೋಲ್ಟೇಜ್ ಬರಬೇಕು, ವೇಗದ ಜೊತೆ ಏರಬೇಕು. 50 ವೋಲ್ಟ್ ದಾಟಬಹುದು, ಬೆರಳು ತಾಗಿಸಬೇಡಿ. ಎಂಜಿನ್ ನಿಂತಾಗ ಇವುಗಳಲ್ಲಿ ಒಂದು ವೈರಿಗೂ ಎಂಜಿನ್ ಬಾಡಿಗೂ ಕಂಟಿನ್ಯುಟಿ ತೋರಿದರೆ ಕಾಯಿಲ್ ಸುಟ್ಟಿದೆ. ಕಾಯಿಲ್ ಚೆನ್ನಾಗಿದ್ದು ಚಾರ್ಜ್ ಬಾರದಿದ್ದರೆ ಅನುಮಾನ ರೆಕ್ಟಿಫೈಯರ್ ಮೇಲೆ. ಸಣ್ಣ ಬೈಕುಗಳಲ್ಲಿ ವೈರಿನ ಸಂಖ್ಯೆ, ಬಣ್ಣ ಬೇರೆ ಇರುತ್ತವೆ, ಸರ್ವಿಸ್ ಮ್ಯಾನುಯಲ್ ನೋಡಿ.

ಎಲ್ಲ ಸರಿಯಿದ್ದೂ ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆಯೇ? ಕೀ ತೆಗೆದ ಮೇಲೂ ಏನೋ ಕರೆಂಟ್ ಎಳೆಯುತ್ತಿರಬಹುದು. ಆಮೇಲೆ ಸೇರಿಸಿದ ಅಲಾರಂ, ಜಿಪಿಎಸ್, ಮೊಬೈಲ್ ಚಾರ್ಜರ್‌ಗಳನ್ನು ಮೊದಲು ಕಳಚಿ ನೋಡಿ. 50 ಮಿಲಿಆಂಪ್ ಸೋರಿದರೂ 5 ಆಂಪ್-ಅವರ್ ಬ್ಯಾಟರಿ 100 ಗಂಟೆಯಲ್ಲಿ ಬರಿದು.

ಕೊನೆಯದಾಗಿ ಒಂದು ವಿನಂತಿ. ಎಂಜಿನ್ ಓಡುವಾಗಲೇ ಬ್ಯಾಟರಿ ವೈರು ಕಿತ್ತು ಚಾರ್ಜಿಂಗ್ ಪರೀಕ್ಷಿಸುವ ಹಳೆಯ ಪದ್ಧತಿ ಕೆಲವೆಡೆ ಇನ್ನೂ ಇದೆ. ಏಪ್ರಿಲ್ 2020ರಲ್ಲಿ ಬಿಎಸ್-6 ಮಾಲಿನ್ಯ ನಿಯಮ ಜಾರಿಯಾದ ಮೇಲೆ ಫ್ಯೂಯಲ್ ಇಂಜೆಕ್ಷನ್ ಸಾಮಾನ್ಯವಾಗಿದೆ. ಬ್ಯಾಟರಿ ವೈರು ಹಾಗೆ ಕಿತ್ತಾಗ ಚಿಮ್ಮುವ ವೋಲ್ಟೇಜ್, ಆ ಇಂಜೆಕ್ಷನ್ ನಿಯಂತ್ರಿಸುವ ದುಬಾರಿ ಇಸಿಯುವನ್ನೇ ಸುಡಬಹುದು. ನಿಮ್ಮ ಬೈಕಿಗೆ ಯಾರಾದರೂ ಹಾಗೆ ಮಾಡಲು ಹೊರಟರೆ ದಯವಿಟ್ಟು ಕೈ ಹಿಡಿದು ತಡೆಯಿರಿ.