ಹದಿಹರೆಯದ ಆರೋಗ್ಯ: ಗೋವಾದ ಮನೆ ಮತ್ತು ನೆರೆಹೊರೆ

ಗೋವಾ ಎಂದೊಡನೆ ಪಾರ್ಟಿ ಮತ್ತು ಅಗ್ಗದ ಮದ್ಯವನ್ನಷ್ಟೇ ನೆನೆಯುವವರಿಗೆ ಅಲ್ಲಿನ ಮಕ್ಕಳು ಬೇಗ ದಾರಿ ತಪ್ಪುತ್ತಾರೆಂಬ ತೀರ್ಮಾನ ಸಹಜವೆನಿಸಬಹುದು; ಆದರೆ ಅರವಿಂದ್ ಪಿಳ್ಳೈ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2008ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಪ್ರಕಟಿಸಿದ ಸಮೀಕ್ಷೆ ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಗೋವಾದ ನಗರ ಮತ್ತು ಹಳ್ಳಿಗಳ 12ರಿಂದ 16 ವರ್ಷದ 2,048 ಮಕ್ಕಳನ್ನು ಸಂದರ್ಶಿಸಿದಾಗ ಆತಂಕ, ಖಿನ್ನತೆ ಮೊದಲಾದ ಯಾವುದಾದರೊಂದು ಮಾನಸಿಕ ಕಾಯಿಲೆ ಶೇ. 1.81ರಷ್ಟು ಮಂದಿಯಲ್ಲಿ ಮಾತ್ರ ಕಂಡುಬಂದಿತು. ಇದೇ ಸಂದರ್ಶನ ವಿಧಾನದಿಂದ 1999ರಲ್ಲಿ ಬ್ರಿಟನ್ನಿನ ಮಕ್ಕಳಲ್ಲಿ ಕಂಡ ಪ್ರಮಾಣ ಸುಮಾರು ಹತ್ತಕ್ಕೆ ಒಂದು.

ತಾವಿರುವ ನೆರೆಹೊರೆ ಸುರಕ್ಷಿತವಲ್ಲ ಎಂದವರಲ್ಲಿ, ಬೈಗುಳ ಅಥವಾ ಹೊಡೆತ ಉಂಡವರಲ್ಲಿ, ಓದಿನಲ್ಲಿ ತೊಡಕಿದ್ದವರಲ್ಲಿ, ತಂಬಾಕು ಬಳಸುವವರಲ್ಲಿ ಕಾಯಿಲೆ ಹೆಚ್ಚಾಗಿತ್ತು. ಕಷ್ಟ ಬಂದಾಗ ಮೊದಲು ಮನೆಯವರನ್ನೇ ನೆಚ್ಚುವ ಮಕ್ಕಳಲ್ಲಿ ಅದು ಕಡಿಮೆಯಿತ್ತು. ಪದೇಪದೇ ಪಾರ್ಟಿ, ಸಿನಿಮಾ, ಮೋಜಿನ ಖರೀದಿ, ಪ್ರೇಮಸಂಬಂಧಗಳು ಸೇರಿದ ಜೀವನಶೈಲಿಗೂ ಕಾಯಿಲೆಗೂ ನಂಟು ಕಂಡಿತೆಂಬುದು ನಿಜವಾದರೂ, ಆಧುನಿಕತೆಯೇ ಮಕ್ಕಳನ್ನು ಕೆಡಿಸಿತೆಂದು ಇದರಿಂದ ಸಾರುವುದು ಆತುರದ ಮಾತು. ಒಂದೇ ಕಾಲಘಟ್ಟದಲ್ಲಿ ಎಲ್ಲವನ್ನೂ ಅಳೆಯುವ ಇಂಥ ಅಧ್ಯಯನ ಮೆಟ್ಟಿಲ ಮೇಲೆ ನಿಂತವನ ಛಾಯಾಚಿತ್ರವಿದ್ದಂತೆ, ಅವನು ಹತ್ತುತ್ತಿದ್ದನೋ ಇಳಿಯುತ್ತಿದ್ದನೋ ಎಂಬುದನ್ನು ಅದು ಹೇಳಲಾರದು. ಮನೆಯಲ್ಲಿ ನೆಮ್ಮದಿ ಕಾಣದ ಹುಡುಗಿ ಹೊರಗೆ ಹೆಚ್ಚು ಸುತ್ತಿರಬಹುದು, ಹೊರಗಿನ ಸುತ್ತಾಟವೇ ಮನೆಯ ಜಗಳಕ್ಕೆ ಕಾರಣವಾಗಿರಲೂಬಹುದು. ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಅನುಭವಿಸಿದ ಹುಡುಗಿಯರಲ್ಲಿ ಕಾಯಿಲೆ ಹೆಚ್ಚಿತ್ತೆಂಬ ಇದೇ ಸಮೀಕ್ಷೆಯ ಅಂಶವನ್ನು ಗಮನಿಸಿದರೆ, ಕುಟುಂಬವೆಂಬುದು ಎಲ್ಲ ಮಕ್ಕಳಿಗೂ ಒಂದೇ ಬಗೆಯ ಆಸರೆಯೆಂದು ನಂಬುವುದೂ ಕಷ್ಟ.

ಮದ್ಯದ ವಿಷಯದಲ್ಲಿ ಕಾಲದ ದಿಕ್ಕು ತುಸು ಸ್ಪಷ್ಟ. ಉತ್ತರ ಗೋವಾದ 20ರಿಂದ 49 ವರ್ಷದ 1,899 ಗಂಡಸರನ್ನು ಒಳಗೊಂಡು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹದಿಹರೆಯದಲ್ಲೇ ಕುಡಿತ ಆರಂಭಿಸಿದವರ ಪ್ರಮಾಣ 1956–60ರ ನಡುವೆ ಹುಟ್ಟಿದವರಲ್ಲಿ ಶೇ. 19.5 ಇದ್ದರೆ 1981–85ರಲ್ಲಿ ಹುಟ್ಟಿದವರಲ್ಲಿ ಶೇ. 74.3. ಹಿರಿಯರ ನೆನಪು ಮಸುಕಾಗಿರಬಹುದಾದರೂ ಅಂತರ ಅದರಿಂದಷ್ಟೇ ಹುಟ್ಟುವಷ್ಟು ಕಿರಿದಲ್ಲ. ಹೀಗೆ ಬೇಗ ಆರಂಭಿಸಿದವರಲ್ಲಿ ಮುಂದೆ ಮದ್ಯದ ಅವಲಂಬನೆ, ಎಂದರೆ ಕುಡಿಯದೆ ಇರಲಾಗದ ಸ್ಥಿತಿ, ಹೆಚ್ಚಾಗಿ ಕಂಡಿತು.