ಎರಿ ನೆಲದ ಕೆಳಗಿನ ಗುಲಾಬಿ ಕಲ್ಲು

ಗೆಳೆಯರೇ, ಮುಂದಿನ ಸಲ ಇಂಡಿ ಅಥವಾ ಸಿಂದಗಿ ಕಡೆಯಿಂದ ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳಕ್ಕೆ ಬಸ್ಸಿನಲ್ಲಿ ಹೋಗುವಾಗ ಮೊಬೈಲ್ ಬದಿಗಿಟ್ಟು ಕಿಟಕಿಯ ಹೊರಗೆ ನೋಡಿ. ಮೊದಲು ಎತ್ತ ನೋಡಿದರೂ ಎರಿ ಹೊಲ, ಬಾವಿ ತೋಡಿದಲ್ಲೂ ಕಪ್ಪು ಕಲ್ಲು. ಮುದ್ದೇಬಿಹಾಳ ದಾಟಿ ಕೃಷ್ಣೆಯ ಕಡೆ ಇಳಿದಂತೆ ಅಲ್ಲಲ್ಲಿ ಕೆಂಪು ಮಸಾರಿ ಮಣ್ಣು, ಬೂದು ಮತ್ತು ಗುಲಾಬಿ ಬಣ್ಣದ ಬಂಡೆಗಳು ಕಾಣಿಸಿಕೊಳ್ತವೆ. ಹೊಳೆಯ ಆಚೆ ದಡದ ಇಳಕಲ್ ಸೀರೆಗೆ ಎಷ್ಟು ಹೆಸರುವಾಸಿಯೋ, ಗುಲಾಬಿ ಗ್ರಾನೈಟಿಗೂ ಅಷ್ಟೇ. ಒಂದೇ ಜಿಲ್ಲೆಯಲ್ಲಿ ಎರಡು ಬಣ್ಣ ಯಾಕೆ?

ಕಪ್ಪು ಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರುಕು ಬಿಟ್ಟು ಪದರ ಪದರವಾಗಿ ಹರಿದ ಲಾವಾ ಗಟ್ಟಿಯಾಗಿ ಆದದ್ದು. ಇದಕ್ಕೆ ಡೆಕ್ಕನ್ ಟ್ರ್ಯಾಪ್ ಅಂತಾರೆ. ಇಂಡಿ, ಸಿಂದಗಿ, ಬಾಗೇವಾಡಿಯ ಹೆಚ್ಚಿನ ಭಾಗ ಇದರ ಮೇಲೇ ಇದೆ. ನಮ್ಮ ಗೋಳಗುಮ್ಮಟ ನಿಂತಿರುವುದೂ ಈ ಕಪ್ಪು ಕಲ್ಲಿನಲ್ಲೇ. ಗ್ರಾನೈಟ್ ಮತ್ತು ಅದರ ಸಂಗಾತಿ ನೈಸ್ ಶಿಲೆಯ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅಂದರೆ ಗ್ರಾನೈಟ್ ಅಡಿಪಾಯ, ಬಸಾಲ್ಟ್ ಮೇಲೆ ಹಾಸಿದ ಹೊದಿಕೆ. 1993ರ ಭೂಕಂಪದ ನಂತರ ಗಡಿಯಾಚೆಯ ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಸುಮಾರು 340 ಮೀಟರ್ ಆಳದಲ್ಲಿ ಟ್ರ್ಯಾಪ್ ಮುಗಿದು ಹಳೆಯ ನೈಸ್ ಸಿಕ್ಕಿತು. ಮುದ್ದೇಬಿಹಾಳದ ಕಡೆ ಆ ಹೊದಿಕೆ ಮುಗಿದು ಅಡಿಪಾಯ ಬಯಲಾಗಿದೆ, ಅಷ್ಟೇ.

ಇನ್ನು ಕೆಮಿಸ್ಟ್ರಿಗೆ ಬರೋಣ. ಬಸಾಲ್ಟಿನಲ್ಲಿ ಸಿಲಿಕಾ ಸುಮಾರು ಶೇ. 50, ಗ್ರಾನೈಟಿನಲ್ಲಿ ಶೇ. 70ರ ಆಸುಪಾಸು. ಬಸಾಲ್ಟಿನಲ್ಲಿ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಜಾಸ್ತಿ. ಗ್ರಾನೈಟಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಗುಲಾಬಿ ಬಣ್ಣ ಬರುವುದು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ.

ಈ ವ್ಯತ್ಯಾಸ ಹೇಗೆ ಬಂತು? ಜಾತ್ರೆಯಲ್ಲಿ ಐಸ್‌ಕ್ಯಾಂಡಿ ಚೀಪಿದ್ದು ನೆನಪಿದೆಯಲ್ಲ? ಬಣ್ಣ, ಸಿಹಿ ಮೊದಲು ಬಾಯಿಗೆ ಬರುತ್ತೆ, ಕಡ್ಡಿಯಲ್ಲಿ ಬಿಳಿ ಐಸ್ ಉಳಿಯುತ್ತೆ. ಕಲ್ಲು ಕರಗುವುದೂ ಹಾಗೆಯೇ, ಎಲ್ಲವೂ ಒಮ್ಮೆಲೇ ಕರಗಲ್ಲ. ಭೂಮಿಯ ಆಳದಲ್ಲಿ ಹಳೆಯ ನೈಸ್ ಕಾದಾಗ, ನೀರಿನಂಶ ಇದ್ದರೆ, 650ರಿಂದ 700 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗುತ್ತೆ. ಮೊದಲು ಕರಗಿದ ರಸದಲ್ಲಿ ಸಿಲಿಕಾ, ಪೊಟ್ಯಾಸಿಯಂ ಸೇರಿಕೊಳ್ತವೆ. ಆ ಹಗುರ ರಸ ಮೇಲೇರಿ, ನೆಲದೊಳಗೇ ನಿಧಾನವಾಗಿ ತಣಿದು ದಪ್ಪ ಹರಳುಗಳ ಗ್ರಾನೈಟ್ ಆಗುತ್ತೆ. ರಾಮನಗರದಿಂದ ಉತ್ತರಕ್ಕೆ ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟಿನ ವಿಶ್ಲೇಷಣೆ ಇನ್ನೊಂದು ವಿಷಯ ಹೇಳಿತು: ಅಲ್ಲಿ ಕರಗಿದ ನೈಸ್ ಮಾತ್ರವಲ್ಲ, ಇನ್ನೂ ಆಳದ ಮ್ಯಾಂಟಲ್‌ನಿಂದ ಬಂದ ಬಿಸಿ ಶಿಲಾರಸವೂ ಬೆರೆತಿದೆ.

ಕಣ್ಣಿಗೆ ಕಾಣದ್ದನ್ನು ಹೇಗೆ ಪತ್ತೆಹಚ್ಚುತ್ತಾರೆ? ಒಂದು ಸುಳಿವು ಯುರೋಪಿಯಂ ಎಂಬ ವಿರಳ ಧಾತು. ಇದು ಕ್ಯಾಲ್ಸಿಯಂನ ಜಾಗದಲ್ಲಿ ಕೂತು ಪ್ಲೇಜಿಯೋಕ್ಲೇಸ್ ಖನಿಜದೊಳಗೆ ಸೇರಿಕೊಳ್ಳುತ್ತೆ. ಗ್ರಾನೈಟಿನಲ್ಲಿ ಅಕ್ಕಪಕ್ಕದ ಧಾತುಗಳಿಗಿಂತ ಯುರೋಪಿಯಂ ಮಾತ್ರ ಕಡಿಮೆ ಇದ್ದರೆ, ಪ್ಲೇಜಿಯೋಕ್ಲೇಸ್ ಎಲ್ಲೋ ಹಿಂದೆ ಉಳಿದಿದೆ ಅಂತ ಅರ್ಥ.

ಇದೆಲ್ಲ ಎಂಜಿನಿಯರಿಂಗ್ ಓದುವ ನಮಗೆ ಯಾಕೆ ಬೇಕು? ಎರಡು ಕಾರಣ.

ಮೊದಲನೆಯದು ಅಡಿಪಾಯ. ಬಸಾಲ್ಟ್ ಸವೆದಾಗ ಅದರ ಮೆಗ್ನೀಸಿಯಂ, ಕ್ಯಾಲ್ಸಿಯಂ ಸೇರಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಹುಟ್ಟುತ್ತೆ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುವ ಎರಿ ಮಣ್ಣಿನ ಗುಟ್ಟು ಇದೇ. ಗೋಡೆ ಸೀಳುವುದೂ ಇದರಿಂದಲೇ. ಗ್ರಾನೈಟ್ ಸವೆದರೆ ಕರಗದ ಕ್ವಾರ್ಟ್ಜ್ ಮರಳಾಗಿ ಉಳಿಯುತ್ತೆ, ಹಾಗಾಗಿ ಮಸಾರಿ ಅಷ್ಟು ಉಬ್ಬಲ್ಲ. ಒಂದೇ ಡ್ರಾಯಿಂಗ್ ಹಿಡಿದು ಸಿಂದಗಿಯಲ್ಲೂ ಮುದ್ದೇಬಿಹಾಳದಲ್ಲೂ ಮನೆ ಕಟ್ಟಿದರೆ ನಡೆಯಲ್ಲ.

ಎರಡನೆಯದು ಕುಡಿಯುವ ನೀರು. ಗ್ರಾನೈಟಿನ ಬಯೋಟೈಟ್, ಅಪಟೈಟ್ ಖನಿಜಗಳಲ್ಲಿ ಫ್ಲೋರಿನ್ ಇರುತ್ತೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಅದು ಫ್ಲೋರೈಡ್ ಆಗಿ ಇಳಿಯುತ್ತೆ. ನೀರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಅದು ಗಸಿಯಾಗಿ ಕೂರುವುದೂ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯುತ್ತಾ ಹೋದರೆ ಮಕ್ಕಳ ಹಲ್ಲಿನಲ್ಲಿ ಕಲೆ. ಇನ್ನೂ ಹೆಚ್ಚಿದ್ದು ಬಹಳ ವರ್ಷ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟು ಅದರ ಪ್ರಮಾಣ ಇನ್ನೂ ಏರುತ್ತೆ.

ಆದ್ದರಿಂದ ಒಂದು ಕೆಲಸ ಮಾಡೋಣ. ರಜೆಗೆ ಊರಿಗೆ ಹೋದಾಗ ಬೋರ್‌ವೆಲ್ ಕೊರೆದಲ್ಲಿ ಬಿದ್ದಿರುವ ಪುಡಿ ನೋಡಿ: ಕಪ್ಪೋ, ಗುಲಾಬಿಯೋ? ಗುಲಾಬಿ ಇದ್ದರೆ ಮನೆಯ ನೀರನ್ನು ಬಾಟಲಿಯಲ್ಲಿ ತುಂಬಿಸಿ ಪ್ರಯೋಗಾಲಯದಲ್ಲಿ ಒಮ್ಮೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಕಪ್ಪು ಇದ್ದರೂ ಮಾಡಿಸಿದರೆ ನಷ್ಟವೇನಿಲ್ಲ.