ಕೊಲೆಸ್ಟ್ರಾಲ್‌ಗೆ ಕ್ಯಾಪ್ಸೂಲ್: ನಮ್ಮ ಮನೆಯಲ್ಲಿ ನಡೆದದ್ದು

ನಮ್ಮೂರು ಹಾಲ್ಕುರಿಕೆ. ತಿಪಟೂರು ಸೀಮೆಯ ಬೇರೆ ಊರುಗಳಂತೆ ಇಲ್ಲೂ ತೆಂಗೇ ಬದುಕು. ಅಬ್ಬ ಕಾಯಿ ಸುಲಿಯುವ ಕೆಲಸ ಮಾಡುತ್ತಾರೆ. ಹೋದ ವರ್ಷ ರಕ್ತಪರೀಕ್ಷೆಯಲ್ಲಿ ಅವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 172 ಬಂತು. ಡಾಕ್ಟರು ರಾತ್ರಿಗೊಂದು ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳಲ್ಲಿ ಅದು 104ಕ್ಕೆ ಇಳಿಯಿತು. ಅಷ್ಟರಲ್ಲಿ ಪರಿಚಯದವರೊಬ್ಬರು ಬಂದು, "ಇಂಗ್ಲಿಷ್ ಮಾತ್ರೆ ಲಿವರ್ ಹಾಳು ಮಾಡುತ್ತೆ, ಇದು ಬರೀ ಬೆಳ್ಳುಳ್ಳಿ, ಅರಿಸಿನ, ಮೀನೆಣ್ಣೆ" ಎಂದು ಒಂದು ಡಬ್ಬಿ ಕ್ಯಾಪ್ಸೂಲ್ ಕೊಟ್ಟರು. ತಿಂಗಳಿಗೆ 1,600 ರೂಪಾಯಿ. ಕ್ಯಾಪ್ಸೂಲಿನ ಸಿಪ್ಪೆ ಯಾವ ಪ್ರಾಣಿಯದು ಎಂದು ಅಮ್ಮಿ ಕೇಳಿದರು. ಒಳಗಿರುವುದು ಕೆಲಸ ಮಾಡುತ್ತದೆಯೇ ಎಂದು ಯಾರೂ ಕೇಳಲಿಲ್ಲ, ವಿಜ್ಞಾನ ಓದುವ ನಾನೂ ಕೇಳಲಿಲ್ಲ. ಅಬ್ಬ ಮಾತ್ರೆ ಬಿಟ್ಟರು. ಮುಂದಿನ ಪರೀಕ್ಷೆಯಲ್ಲಿ ಎಲ್‌ಡಿಎಲ್ 165.

ಆಮೇಲೆ ಓದಿ, ಜೀವಶಾಸ್ತ್ರದ ಮೇಡಂ ಹತ್ತಿರ ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ. ಇಂಥ ಡಬ್ಬಿ ನಿಮ್ಮ ಮನೆಯಲ್ಲೂ ಇರಬಹುದು.

ಮೈಯಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ಊಟದಿಂದ ಬರುವುದಲ್ಲ, ದೇಹವೇ ತಯಾರಿಸಿಕೊಳ್ಳುವುದು. ಈ ಕೆಲಸದಲ್ಲಿ ಯಕೃತ್ತಿನ ಪಾತ್ರ ದೊಡ್ಡದು. ಅಲ್ಲಿ ತಯಾರಿಗೆ ಬೇಕಾದ ಒಂದು ಕಿಣ್ವವನ್ನು ಸ್ಟ್ಯಾಟಿನ್ ತಡೆಯುತ್ತದೆ. ಆಗ ಯಕೃತ್ತು ತನಗೆ ಬೇಕಾದದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ, ಎಲ್‌ಡಿಎಲ್ ಇಳಿಯುತ್ತದೆ. "ಇಂಗ್ಲಿಷ್ ಮಾತ್ರೆ" ಎನ್ನುವವರಿಗೆ ಒಂದು ಮಾತು: ಮೊದಲ ಸ್ಟ್ಯಾಟಿನ್ ಅನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಕಂಡುಹಿಡಿದದ್ದು ಬೂಷ್ಟಿನಲ್ಲಿ.

ಹಾಗಾದರೆ ಕ್ಯಾಪ್ಸೂಲು? ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ಡಬ್ಬಿಗೇ ಮಾಡಿಸಿದಂತಿದೆ. ಸುಮಾರು 190 ಜನರನ್ನು ಎಂಟು ಗುಂಪು ಮಾಡಿ 28 ದಿನ ನೋಡಿದರು. ಒಂದು ಗುಂಪಿಗೆ 5 ಮಿಲಿಗ್ರಾಂ ರೋಸುವಾಸ್ಟಾಟಿನ್, ಒಂದಕ್ಕೆ ಔಷಧವೇ ಇಲ್ಲದ ಹುಸಿ ಮಾತ್ರೆ, ಉಳಿದವಕ್ಕೆ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಸಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ. ಸ್ಟ್ಯಾಟಿನ್ ಗುಂಪಿನಲ್ಲಿ ಎಲ್‌ಡಿಎಲ್ ಸುಮಾರು 38 ಶೇಕಡಾ ಇಳಿಯಿತು. ಉಳಿದ ಆರರಲ್ಲಿ ಒಂದೂ ಹುಸಿ ಮಾತ್ರೆಗಿಂತ ಹೆಚ್ಚು ಇಳಿಸಲಿಲ್ಲ. ಬೆಳ್ಳುಳ್ಳಿಯ ಗುಂಪಿನಲ್ಲಂತೂ ತುಸು ಏರಿತ್ತು! ಪ್ರಯೋಗಕ್ಕೆ ಹಣ ಕೊಟ್ಟದ್ದು ಅದೇ ಸ್ಟ್ಯಾಟಿನ್ ತಯಾರಿಸುವ ಕಂಪನಿ, ಅವಧಿಯೂ ಚಿಕ್ಕದು, ಅದನ್ನೂ ಹೇಳಬೇಕು. ಆದರೂ ಅಬ್ಬನ ರಿಪೋರ್ಟು ಹೇಳಿದ್ದು ಇದನ್ನೇ.

ಎಲ್ಲ ಪೂರಕಗಳೂ ದಂಡವಲ್ಲ. ಇಸಬ್ಗೋಲಿನ ನಾರು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದ ಕೊಲೆಸ್ಟ್ರಾಲ್ ಬಳಸಬೇಕಾಗುತ್ತದೆ. ಇಳಿಕೆ ಸಣ್ಣದು, 5ರಿಂದ 10 ಶೇಕಡಾ. ಮೀನೆಣ್ಣೆ ಇಳಿಸುವುದು ಟ್ರೈಗ್ಲಿಸರೈಡನ್ನು, ಎಲ್‌ಡಿಎಲ್ ಅನ್ನಲ್ಲ. ಕೆಂಪು ಯೀಸ್ಟ್ ಅಕ್ಕಿಯಲ್ಲಿರುವ ಮೊನಾಕೊಲಿನ್ ಕೆ ಎಂಬುದು ಲೊವಾಸ್ಟಾಟಿನ್ ಔಷಧವೇ. ಯಾವ ಡಬ್ಬಿಯಲ್ಲಿ ಎಷ್ಟಿದೆ ಎಂಬುದಕ್ಕೆ ಮಾತ್ರ ಖಾತ್ರಿಯಿಲ್ಲ.

ಇನ್ನು ನಮ್ಮ ಕೊಬ್ಬರಿ. ಇದನ್ನು ಬರೆದರೆ ಊರಲ್ಲಿ ಬೈಸಿಕೊಳ್ಳುತ್ತೇನೆ. ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲ, ನಿಜ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90 ಶೇಕಡಾ ಸ್ಯಾಚುರೇಟೆಡ್ ಕೊಬ್ಬು. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಬೇರೆ ಸಸ್ಯದೆಣ್ಣೆ ತಿಂದವರಿಗಿಂತ ಕೊಬ್ಬರಿ ಎಣ್ಣೆ ತಿಂದವರ ಎಲ್‌ಡಿಎಲ್ ಸುಮಾರು 10 ಅಂಕ ಹೆಚ್ಚಿತ್ತು. ಒಳ್ಳೆಯ ಎಚ್‌ಡಿಎಲ್ ಕೂಡ ಏರಿತ್ತು, ಸುಮಾರು 4 ಅಂಕ. ಚಟ್ನಿಗೆ ಕಾಯಿ ಹಾಕುವುದಕ್ಕೂ, ಆರೋಗ್ಯಕ್ಕೆಂದು ದಿನಾ ಎರಡು ಚಮಚ ಎಣ್ಣೆ ಕುಡಿಯುವುದಕ್ಕೂ ವ್ಯತ್ಯಾಸವಿದೆ.

ಡಬ್ಬಿಯನ್ನು ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆವು. ಅದರ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಔಷಧವಾಗಿ ಬಳಸುವಂತಿಲ್ಲ ಎಂದು ಅಚ್ಚಾಗಿತ್ತು. ಅಲ್ಲಿ ಅಬ್ಬ ನಿಜ ಹೇಳಿದರು: ಮಾತ್ರೆ ಶುರುವಾದ ಮೇಲೆ ತೊಡೆ ನೋಯುತ್ತಿತ್ತಂತೆ, ಕೆಲಸ ತಪ್ಪೀತು ಎಂದು ಹೆದರಿದ್ದರಂತೆ. ಕೆಲವರಿಗೆ ಸ್ಟ್ಯಾಟಿನ್‌ನಿಂದ ಸ್ನಾಯು ನೋವು ಬರುವುದುಂಟು, ಬಿಡುವ ಮೊದಲು ಹೇಳಬೇಕಿತ್ತು ಎಂದ ಡಾಕ್ಟರು, ರಕ್ತ ಪರೀಕ್ಷಿಸಿ ಬೇರೆ ಸ್ಟ್ಯಾಟಿನ್ ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ನೋವು ಮತ್ತೆ ಬಂದಿಲ್ಲ.

ಮುಂದಿನ ಪರೀಕ್ಷೆ ಬರುವ ತಿಂಗಳು. ಮೂರನೇ ಡಬ್ಬಿಯಲ್ಲಿ ಇನ್ನೂ 22 ಕ್ಯಾಪ್ಸೂಲ್ ಉಳಿದಿವೆ. ದುಡ್ಡು ಕೊಟ್ಟದ್ದು ಎಂದು ಅಮ್ಮಿ ಎಸೆಯಲು ಬಿಡುತ್ತಿಲ್ಲ.